ಟರ್ಬೊಗೆ ಸಂದ ಹೊಗಳಿಕೆಯಲ್ಲಿ ಬೀಡುಕಬ್ಬಿಣದ ಪಾಲು

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ವಾಹನ ಪುರವಣಿಯಲ್ಲಿ ಕಳೆದ ವಾರ ಮಿತ್ಸುಬಿಷಿಯ 4ಜಿ63 ಟರ್ಬೊ ಎಂಜಿನ್ ಬಗ್ಗೆ ಬಂದ ಲೇಖನವನ್ನು ಆಸೆಯಿಂದ ಓದಿದೆ. ಜಪಾನಿನ ಒಂದು ಎಂಜಿನ್ನಿಗೆ ಕನ್ನಡದಲ್ಲಿ ಅರ್ಧ ಪುಟ ಸಿಗುವುದು ಅಪರೂಪ. ಅದಕ್ಕಾಗಿ ಲೇಖಕರಿಗೂ ತಮಗೂ ನಾನು ಋಣಿ. ಆದರೆ ಈ ಎಂಜಿನ್ 1992ರಲ್ಲಿ ರ‍್ಯಾಲಿ ಓಟಕ್ಕೆಂದೇ ಹುಟ್ಟಿತು, ಅದರ ಬಲವೆಲ್ಲ ಟರ್ಬೊದಿಂದ ಬಂದದ್ದು, ಉಳಿದ ಭಾಗಗಳಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ ಎಂಬ ಧಾಟಿ ಲೇಖನದ ಉದ್ದಕ್ಕೂ ಇದೆ. ಹಲವು ವರ್ಷ ಇದೇ ಎಂಜಿನ್ನನ್ನು ಬಿಚ್ಚಿ, ತೊಳೆದು, ಅಳೆದು, ಮತ್ತೆ ಜೋಡಿಸಿದ ನನಗೆ ಈ ಮಾತನ್ನು ಹಾಗೆಯೇ ಬಿಡಲು ಮನಸ್ಸಾಗಲಿಲ್ಲ. ಟರ್ಬೊ ಗಾಳಿಯನ್ನು ಒತ್ತಿ ತುಂಬುತ್ತದೆ, ನಿಜ. ಹಾಗೆ ತುಂಬಿದ ಗಾಳಿ ಉರಿದಾಗ ಹುಟ್ಟುವ ಒತ್ತಡವನ್ನು ತಾಳಿಕೊಳ್ಳುವುದು ಬೇರೆಯದೇ ಕೆಲಸ. 4ಜಿ63ರ ಹಿರಿಮೆ ಇರುವುದು ಆ ಎರಡನೆಯ ಕೆಲಸದಲ್ಲಿ ಎಂದು ತಿಳಿಸಲು ಈ ಪತ್ರ.

ಮೊದಲು ಹುಟ್ಟಿನ ವಿಚಾರ. ಇದು ಮಿತ್ಸುಬಿಷಿ 1980ರ ಸುಮಾರಿಗೆ ತಂದ ಸಿರಿಯಸ್ ಕುಟುಂಬದ ಎಂಜಿನ್. ಆರಂಭದ ವರ್ಷಗಳಲ್ಲಿ ಇದರ ಹೆಸರು ಜಿ63ಬಿ ಎಂದಿತ್ತು. 4ಜಿ63 ಎಂಬ ಹೆಸರಿನ ಮೊದಲಿಗಿರುವ 4 ಸಿಲಿಂಡರುಗಳ ಸಂಖ್ಯೆಯನ್ನು ಹೇಳುತ್ತದೆ, ‘ಜಿ’ ಎಂದರೆ ಗ್ಯಾಸೊಲಿನ್, ಅಂದರೆ ಪೆಟ್ರೋಲ್. 6 ಕುಟುಂಬದ ಗುರುತು, ಕೊನೆಯ 3 ಆ ಕುಟುಂಬದಲ್ಲಿ ಇದು ಯಾರೆಂಬ ಗುರುತು. 1.6 ಲೀಟರಿನ 4ಜಿ61, 1.8 ಲೀಟರಿನ 4ಜಿ62, 2.4 ಲೀಟರಿನ 4ಜಿ64 ಇದರ ಒಡಹುಟ್ಟುಗಳು. 85 ಮಿ.ಮೀ. ಬೋರ್ (ಸಿಲಿಂಡರಿನ ವ್ಯಾಸ), 88 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಚಲಿಸುವ ದೂರ), ನಾಲ್ಕು ಸಿಲಿಂಡರುಗಳು, ಒಟ್ಟು 1,997 ಸಿ.ಸಿ. – ಈ ಅಳತೆ ಕೊನೆಯವರೆಗೂ ಬದಲಾಗಲಿಲ್ಲ. ಟರ್ಬೊ ಇಲ್ಲದ ರೂಪದಲ್ಲಿ ಇದು ಸಂಸಾರಸ್ಥರ ಗ್ಯಾಲಂಟ್ ಕಾರಿನಲ್ಲಿ ಓಡಿತು, ಡೆಲಿಕಾ ವ್ಯಾನನ್ನು ಎಳೆಯಿತು, ಗೋದಾಮುಗಳ ಫೋರ್ಕ್‌ಲಿಫ್ಟ್‌ನಲ್ಲಿ ಗ್ಯಾಸ್ ಉರಿಸಿಕೊಂಡು ದಿನವಿಡೀ ಭಾರ ಎತ್ತಿತು. ಹ್ಯುಂಡೈ ಕಂಪನಿ ಪರವಾನಗಿ ಪಡೆದು ಇದೇ ಕುಟುಂಬದ ಎಂಜಿನ್ನನ್ನು ತನ್ನ ಸೊನಾಟಾ ಕಾರಿಗೆ ಹಾಕಿತು. ಚೀನಾದ ಶೆನ್ಯಾಂಗ್ ನಗರದಲ್ಲೂ ಇವು ತಯಾರಾದವು. ಇಷ್ಟೊಂದು ಬಗೆಯ ದುಡಿಮೆಗೆ ಒಂದೇ ಬ್ಲಾಕ್, ಅಂದರೆ ಸಿಲಿಂಡರುಗಳನ್ನು ಕೊರೆದ ಎಂಜಿನ್ನಿನ ಒಡಲು, ಒದಗಬೇಕೆಂದರೆ ಅದನ್ನು ಎರಕ ಹೊಯ್ಯುವಾಗ ಲೋಹದಲ್ಲಿ ಕೈ ಬಿಗಿ ಹಿಡಿಯುವಂತಿಲ್ಲ. ರ‍್ಯಾಲಿಯವರಿಗೆ ಮುಂದೆ ಸಿಕ್ಕ ಗಟ್ಟಿತನ ಈ ಸಾಧಾರಣ ದುಡಿಮೆಯ ಲೆಕ್ಕಾಚಾರದಿಂದ ಬಂದ ಬಳುವಳಿ ಎಂದು ನಾನು ನಂಬಿದ್ದೇನೆ.

ಟರ್ಬೊ ಕೂಡ 1992ರ ಹೊಸ ಸೇರ್ಪಡೆಯಲ್ಲ. 1980ರ ದಶಕದ ಆರಂಭದಲ್ಲೇ ಯುರೋಪಿನಲ್ಲಿ ಮಾರಾಟವಾದ ಲ್ಯಾನ್ಸರ್ ಇಎಕ್ಸ್ 2000 ಟರ್ಬೊ ಕಾರಿನಲ್ಲಿ ಈ ಎಂಜಿನ್ ಒಂದೇ ಕ್ಯಾಮ್‌ಶಾಫ್ಟ್ (ವಾಲ್ವುಗಳನ್ನು ತೆರೆಯುವ ದಂಡ) ಇಟ್ಟುಕೊಂಡು 170 ಅಶ್ವಶಕ್ತಿ ಕೊಡುತ್ತಿತ್ತು. 1982ರಲ್ಲಿ ಫಿನ್ಲೆಂಡಿನ ಸಾವಿರ ಸರೋವರಗಳ ರ‍್ಯಾಲಿಯಲ್ಲಿ ಆ ನಾಡಿನವರೇ ಆದ ಪೆಂಟಿ ಐರಿಕ್ಕಲ ಅದೇ ಲ್ಯಾನ್ಸರ್ ಓಡಿಸಿ ಮೂರನೆಯ ಸ್ಥಾನ ಪಡೆದರು. ಆ ಕಾರಿಗೆ ಹಿಂದಿನ ಚಕ್ರಗಳಷ್ಟೇ ಚಾಲಕ ಚಕ್ರಗಳು. ಅವರಿಗಿಂತ ಮುಂದೆ ಬಂದ ಇಬ್ಬರ ಬಳಿ ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುವ ಆಡಿ ಕಾರುಗಳಿದ್ದವು. ಅದೇ ವರ್ಷ ಸ್ಟಾರಿಯನ್ ಕಾರಿಗೂ ಈ ಟರ್ಬೊ ಎಂಜಿನ್ ಬಂತು. 1987ರ ಕೊನೆಯಲ್ಲಿ ಬಂದ ಗ್ಯಾಲಂಟ್ ವಿಆರ್-4ಕ್ಕೆ ಬ್ಲಾಕಿನ ಮೇಲೆ ಕೂರುವ, ವಾಲ್ವುಗಳಿರುವ ಹೆಡ್‌ ಅನ್ನು ಹೊಸದಾಗಿ ರೂಪಿಸಿ, ಎರಡು ಕ್ಯಾಮ್‌ಶಾಫ್ಟ್, ಹದಿನಾರು ವಾಲ್ವ್ ಕೊಟ್ಟರು. ಜಪಾನಿನಲ್ಲಿ ಅದು 205 ಅಶ್ವಶಕ್ತಿಯೊಂದಿಗೆ ಮಾರುಕಟ್ಟೆಗೆ ಬಂತು. 1989ರಲ್ಲಿ ಮಿಕೇಲ್ ಎರಿಕ್ಸನ್ ಈ ಕಾರಿನಲ್ಲಿ ಸಾವಿರ ಸರೋವರಗಳ ರ‍್ಯಾಲಿಯನ್ನೂ, ಏಳು ವರ್ಷ ಹಿಂದೆ ಹಿಂದಿನ ಚಕ್ರದ ಲ್ಯಾನ್ಸರ್ ಓಡಿಸಿದ್ದ ಅದೇ ಐರಿಕ್ಕಲ ಬ್ರಿಟನ್ನಿನ ಆರ್‌ಎಸಿ ರ‍್ಯಾಲಿಯನ್ನೂ ಗೆದ್ದರು. ಗ್ಯಾಲಂಟ್ ದೊಡ್ಡ ಕಾರು, ತೂಕದ್ದು. ಅದರ ಎಂಜಿನ್ನನ್ನೂ ನಾಲ್ಕು ಚಕ್ರಗಳ ಚಾಲನೆಯನ್ನೂ ಎತ್ತಿ ಚಿಕ್ಕ ಲ್ಯಾನ್ಸರಿನೊಳಗೆ ಕೂರಿಸಿದ್ದರಿಂದ 1992ರಲ್ಲಿ ಲ್ಯಾನ್ಸರ್ ಎವಲ್ಯೂಷನ್ ಹುಟ್ಟಿತು. ಹುಟ್ಟಿದ್ದು ಕಾರು. ಎಂಜಿನ್ನಿಗೆ ಅಷ್ಟು ಹೊತ್ತಿಗೆ ಹನ್ನೆರಡು ವರ್ಷದ ಅನುಭವವಿತ್ತು.

ಇನ್ನು ಒತ್ತಡದ ಮಾತು. 85 ಮಿ.ಮೀ. ವ್ಯಾಸದ ಪಿಸ್ಟನ್ನಿನ ತಲೆಯ ವಿಸ್ತೀರ್ಣ ಸುಮಾರು 56.7 ಚದರ ಸೆಂ.ಮೀ., ಅಂದರೆ ನಮ್ಮ ಅಂಗೈಗಿಂತ ಕಡಿಮೆ. ದಹನದ ಕ್ಷಣದಲ್ಲಿ ಸಿಲಿಂಡರಿನೊಳಗೆ 100 ಬಾರ್, ಅಂದರೆ ವಾತಾವರಣದ ಒತ್ತಡದ ಸುಮಾರು ನೂರರಷ್ಟು, ಒತ್ತಡ ಏರಿತೆಂದು ಇಟ್ಟುಕೊಳ್ಳೋಣ. ಆಗ ಆ ಅಂಗೈಯಗಲದ ಮೇಲೆ ಬೀಳುವ ಬಲ ಸುಮಾರು ಐದೂಮುಕ್ಕಾಲು ಟನ್ ತೂಕಕ್ಕೆ ಸಮ. ನಿಮಿಷಕ್ಕೆ 6,000 ಸುತ್ತು ತಿರುಗುವಾಗ ಪ್ರತಿ ಸಿಲಿಂಡರಿನಲ್ಲೂ ಇಂಥ ಹೊಡೆತ ಸೆಕೆಂಡಿಗೆ ಐವತ್ತು ಸಲ. ಪಿಸ್ಟನ್ ಅದನ್ನು ಕನೆಕ್ಟಿಂಗ್ ರಾಡಿಗೆ ದಾಟಿಸುತ್ತದೆ, ರಾಡು ಏರಿಳಿತವನ್ನು ತಿರುಗಾಟವಾಗಿಸುವ ಕ್ರ್ಯಾಂಕ್‌ಶಾಫ್ಟಿಗೆ, ಕ್ರ್ಯಾಂಕು ತನ್ನ ಐದು ಮೇನ್ ಬೇರಿಂಗುಗಳ ಮೂಲಕ ಬ್ಲಾಕಿಗೆ. ಹೆಡ್ಡು ಮೇಲಕ್ಕೆ ಹಾರಿಹೋಗಲು ನೋಡುತ್ತದೆ, ಕ್ರ್ಯಾಂಕು ಕೆಳಗೆ ಕಿತ್ತು ಬರಲು ನೋಡುತ್ತದೆ. ನಡುವೆ ನಿಂತು ಎರಡನ್ನೂ ಹಿಡಿದುಕೊಳ್ಳಬೇಕಾದದ್ದು ಬ್ಲಾಕ್. 4ಜಿ63ರ ಬ್ಲಾಕ್ ಬೀಡುಕಬ್ಬಿಣದ್ದು. ಹೆಡ್ ಅಲ್ಯೂಮಿನಿಯಮ್ಮಿನದು, ಏಕೆಂದರೆ ಅಲ್ಲಿ ಶಾಖವನ್ನು ಬೇಗ ಸಾಗಿಸುವುದು ಮುಖ್ಯ. ಬೀಡುಕಬ್ಬಿಣ ಭಾರವೆಂಬುದು ನಿಜ, ಅದನ್ನು ಬೆಂಚಿನ ಮೇಲೆ ಎತ್ತಿಟ್ಟ ಯಾರೂ ಅಲ್ಲಗಳೆಯಲಾರರು. ಆದರೆ ಕಾದಾಗ ಅದು ಅಲ್ಯೂಮಿನಿಯಮ್ಮಿಗಿಂತ ಕಡಿಮೆ ಹಿಗ್ಗುತ್ತದೆ, ಒತ್ತಡಕ್ಕೆ ಅಷ್ಟಾಗಿ ಬಾಗುವುದಿಲ್ಲ. ಸಿಲಿಂಡರಿನ ಗೋಡೆ ದುಂಡಗೆ ಉಳಿದರೆ ಪಿಸ್ಟನ್ ರಿಂಗ್ ಅದಕ್ಕೆ ಸರಿಯಾಗಿ ಕೂರುತ್ತದೆ, ಅನಿಲ ಕೆಳಗೆ ಸೋರುವುದಿಲ್ಲ. ಟರ್ಬೊ ರೂಪದಲ್ಲಿ ಇದರ ಜೊತೆಗೆ ಉಕ್ಕನ್ನು ಬಡಿದು ರೂಪಿಸಿದ ಕ್ರ್ಯಾಂಕ್‌ಶಾಫ್ಟ್, ಪಿಸ್ಟನ್ನಿನ ಹೊಟ್ಟೆಗೆ ಕೆಳಗಿನಿಂದ ಎಣ್ಣೆ ಚಿಮ್ಮಿಸಿ ತಣಿಸುವ ಚಿಕ್ಕ ನಳಿಕೆಗಳೂ ಇವೆ. ಬ್ಲಾಕನ್ನು ತಲೆಕೆಳಗಾಗಿ ಇಟ್ಟು ನೋಡಿದರೆ ಒಂದೊಂದು ಸಿಲಿಂಡರಿನ ಬುಡದಲ್ಲೂ ಮೇಲ್ಮುಖವಾಗಿ ಬಾಗಿದ ಆ ಪುಟ್ಟ ನಳಿಕೆ ಕಾಣುತ್ತದೆ. ಅದರಲ್ಲೊಂದು ಕಟ್ಟಿಕೊಂಡರೆ ಯಾವ ಪಿಸ್ಟನ್ನಿಗೆ ಕೇಡು ಕಾದಿದೆ ಎಂದು ಅಲ್ಲಿಯೇ ಹೇಳಬಹುದು.

ರ‍್ಯಾಲಿಯ ವಿಷಯದಲ್ಲಿ ಲೇಖನ ಗೆಲುವುಗಳನ್ನು ಎಣಿಸಿ ಮುಂದೆ ಹೋಗಿದೆ; ಅಲ್ಲಿ ಒಂದು ಮುಖ್ಯ ಅಂಶ ಬಿಟ್ಟುಹೋಗಿದೆ. ಮಿತ್ಸುಬಿಷಿಯ ಚಾಲಕ ಟಾಮಿ ಮ್ಯಾಕಿನೆನ್ 1996ರಿಂದ 1999ರವರೆಗೆ ಸತತ ನಾಲ್ಕು ಸಲ ವಿಶ್ವ ಚಾಂಪಿಯನ್ ಆದರು, 1998ರಲ್ಲಿ ತಯಾರಕರ ಪ್ರಶಸ್ತಿಯೂ ಮಿತ್ಸುಬಿಷಿಗೆ ಬಂತು. ಆ ವರ್ಷಗಳಲ್ಲಿ ನಿಯಮದ ಪ್ರಕಾರ ಟರ್ಬೊದೊಳಕ್ಕೆ ಗಾಳಿ ಹೋಗುವ ದಾರಿಯಲ್ಲಿ 34 ಮಿ.ಮೀ. ವ್ಯಾಸದ ಒಂದು ಕಿರಿದಾದ ಕೊರಳು ಇರಬೇಕಿತ್ತು. ಎಂಜಿನ್ ಎಷ್ಟೇ ವೇಗವಾಗಿ ತಿರುಗಿದರೂ ಆ ತೂತಿನಲ್ಲಿ ಹೋಗುವಷ್ಟೇ ಗಾಳಿ, ಆ ಗಾಳಿಗೆ ತಕ್ಕಷ್ಟೇ ಶಕ್ತಿ. ಹಾಗಾಗಿ ಹೆಚ್ಚು ಸುತ್ತು ತಿರುಗಿಸಿ ಲಾಭವಿರಲಿಲ್ಲ. ಕಡಿಮೆ ಸುತ್ತಿನಲ್ಲೇ, ಪ್ರತಿ ಸುತ್ತಿಗೂ ಸಿಲಿಂಡರಿನೊಳಗೆ ಆದಷ್ಟೂ ಹೆಚ್ಚು ಗಾಳಿ ತುರುಕಿ, ತಿರುಗುಬಲ (ಟಾರ್ಕ್) ಹೆಚ್ಚಿಸುವುದೊಂದೇ ದಾರಿ. ಅಂದರೆ ಶಕ್ತಿಗೆ ಕಡಿವಾಣ ಹಾಕಲು ಬಂದ ನಿಯಮ ಒಂದೊಂದು ಸಿಲಿಂಡರಿನೊಳಗಿನ ಒತ್ತಡವನ್ನು ಇಳಿಸಲಿಲ್ಲ, ಏರಿಸಿತು. ಪ್ರಶಸ್ತಿಗೆ ಸೆಣಸಿದ ಎದುರಾಳಿಗಳಿಗೂ ಟರ್ಬೊ ಇತ್ತು, ತೂತಿನ ಅಳತೆಯೂ ಅವರಿಗೆ ಅದೇ. ಹೀಗಿರುವಾಗ ಆ ಒತ್ತಡವನ್ನು ಜಲ್ಲಿ, ಹಿಮ, ಧೂಳಿನ ದಾರಿಗಳಲ್ಲಿ ದಿನಗಟ್ಟಲೆ ತಾಳುವ ತಳಭಾಗ ಇದ್ದವರಿಗೆ ಅನುಕೂಲ. ಬೋರ್‌ಗಿಂತ ಉದ್ದವಾದ 88 ಮಿ.ಮೀ. ಸ್ಟ್ರೋಕ್ ಕೂಡ ಕಡಿಮೆ ಸುತ್ತಿನ ಈ ಆಟಕ್ಕೆ ಒಗ್ಗಿಬಂತು.

ಲೇಖನದಲ್ಲಿ ನನಗೆ ಅತ್ಯಂತ ನೋವು ತಂದದ್ದು ಕಂಪನ ತಗ್ಗಿಸಲೆಂದು ತಿರುಗುವ ಬ್ಯಾಲೆನ್ಸ್ ಶಾಫ್ಟ್‌ಗಳ ಬಗ್ಗೆ ಬರೆದ ಒಂದೇ ಒಂದು ವಾಕ್ಯ. ಅವು ಶಕ್ತಿ ತಿನ್ನುವ ಅನಗತ್ಯ ಭಾಗಗಳು, ತಿಳಿದವರು ತೆಗೆದು ಹಾಕುತ್ತಾರೆ ಎಂದು ಲೇಖಕರು ಬರೆದಿದ್ದಾರೆ. ಓಟದ ಕಾರಿನವರು ತೆಗೆಯುತ್ತಾರೆ ಎಂಬುದು ಸತ್ಯ. ಆದರೆ ಅವು ಏಕಿವೆ ಎಂದು ಹೇಳದೆ ಅನಗತ್ಯವೆಂದರೆ ರೂಪಿಸಿದವರಿಗೆ ಅನ್ಯಾಯವಾಗುತ್ತದೆ. ಸಾಲಾಗಿ ನಿಂತ ನಾಲ್ಕು ಪಿಸ್ಟನ್ನುಗಳಲ್ಲಿ ಎರಡು ಏರುವಾಗ ಎರಡು ಇಳಿಯುತ್ತವೆ. ಅಲ್ಲಿಗೆ ತೂಕ ಸರಿಹೋಯಿತು ಎಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ಹಾಗಾಗುವುದಿಲ್ಲ, ಏಕೆಂದರೆ ಕನೆಕ್ಟಿಂಗ್ ರಾಡ್ ಓರೆಯಾಗುತ್ತದೆ. ಈ ಎಂಜಿನ್ನಿನಲ್ಲಿ ರಾಡಿನ ಉದ್ದ ಎರಡು ತೂತುಗಳ ಮಧ್ಯದಿಂದ ಮಧ್ಯಕ್ಕೆ 150 ಮಿ.ಮೀ. ಕ್ರ್ಯಾಂಕು ಮೇಲಿನಿಂದ ಕಾಲು ಸುತ್ತು ತಿರುಗಿದಾಗ ಪಿಸ್ಟನ್ ಇಳಿಯುವುದು 44 ಮಿ.ಮೀ. ಅಲ್ಲ, ಸುಮಾರು 50.6 ಮಿ.ಮೀ.; ಮುಂದಿನ ಕಾಲು ಸುತ್ತಿನಲ್ಲಿ ಉಳಿದ 37.4 ಮಿ.ಮೀ. ಮಾತ್ರ. ಮೇಲಿನ ಅರ್ಧದಲ್ಲಿರುವ ಜೋಡಿ ಅವಸರದಲ್ಲಿರುತ್ತದೆ, ಕೆಳಗಿನ ಅರ್ಧದಲ್ಲಿರುವ ಜೋಡಿ ನಿಧಾನದಲ್ಲಿರುತ್ತದೆ. ಈ ವ್ಯತ್ಯಾಸದಿಂದ ಪ್ರತಿ ಸುತ್ತಿಗೆ ಎರಡು ಸಲ ಇಡೀ ಎಂಜಿನ್ ಮೇಲೆ ಕೆಳಗೆ ನಡುಗುತ್ತದೆ. ನಾಲ್ಕು ಸಿಲಿಂಡರಿನ ದೊಡ್ಡ ಎಂಜಿನ್ನುಗಳಲ್ಲಿ ಕೈಗೆ, ಕಾಲಿಗೆ ಬರುವ ಝುಮ್ಮೆನ್ನುವ ಕಂಪನ ಇದೇ.

ಇದಕ್ಕೆ ಮದ್ದನ್ನು 20ನೇ ಶತಮಾನದ ಮೊದಲ ದಶಕದಲ್ಲೇ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಕಂಡುಹಿಡಿದಿದ್ದರು: ಒಂದು ಬದಿಗೆ ಭಾರವಿರುವ ಎರಡು ಶಾಫ್ಟ್‌ಗಳನ್ನು ಕ್ರ್ಯಾಂಕಿನ ಎರಡರಷ್ಟು ವೇಗದಲ್ಲಿ ಒಂದಕ್ಕೊಂದು ಎದುರಾಗಿ ತಿರುಗಿಸುವುದು. ಮಿತ್ಸುಬಿಷಿಯವರು 1970ರ ದಶಕದ ನಡುವಿನಲ್ಲಿ ಇದನ್ನು ಮತ್ತೆ ಕೈಗೆತ್ತಿಕೊಂಡು, ಎರಡು ಶಾಫ್ಟ್‌ಗಳನ್ನು ಒಂದೇ ಮಟ್ಟದಲ್ಲಿಡದೆ ಒಂದನ್ನು ಎತ್ತರದಲ್ಲಿ, ಇನ್ನೊಂದನ್ನು ತಗ್ಗಿನಲ್ಲಿ ಇಟ್ಟರು. ಇದರಿಂದ ಎಂಜಿನ್ ಪಕ್ಕಕ್ಕೆ ಹೊರಳಲು ನೋಡುವ ಕಂಪನವೂ ತಗ್ಗಿತು. ‘ಸೈಲೆಂಟ್ ಶಾಫ್ಟ್’ ಎಂದು ಅವರು ಕರೆದ ಈ ಏರ್ಪಾಡನ್ನು ಜರ್ಮನಿಯ ಪೋರ್ಷೆ ಕಂಪನಿ ತನ್ನ 944 ಕಾರಿಗಾಗಿ ಪರವಾನಗಿ ಹಣ ಕೊಟ್ಟು ಪಡೆದುಕೊಂಡಿತು. ಪೋರ್ಷೆಯ ಎಂಜಿನಿಯರುಗಳು ಹಣ ತೆತ್ತು ಪಡೆದದ್ದನ್ನು ನಾವು ಒಂದು ವಾಕ್ಯದಲ್ಲಿ ಅನಗತ್ಯವೆಂದು ತಳ್ಳುವುದು ಸರಿಯೇ?

ಈ ಶಾಫ್ಟ್‌ಗಳು ತಪ್ಪಾಗಿ ಕೂತರೆ ಏನಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಬೇರೊಂದು ಕಡೆ ಟೈಮಿಂಗ್ ಬೆಲ್ಟ್ (ಕ್ರ್ಯಾಂಕಿನಿಂದ ಕ್ಯಾಮ್‌ಗಳನ್ನು ತಿರುಗಿಸುವ ಪಟ್ಟಿ) ಹೊಸದಾಗಿ ಹಾಕಿಸಿಕೊಂಡ ಕಾರೊಂದು ನಾನು ದುಡಿಯುತ್ತಿದ್ದ ಕಾರ್ಯಾಗಾರಕ್ಕೆ ಬಂತು. ಎಂಜಿನ್ ಚೆನ್ನಾಗಿಯೇ ಹೊತ್ತಿಕೊಳ್ಳುತ್ತಿತ್ತು, ಎಳೆತಕ್ಕೂ ಕೊರತೆಯಿರಲಿಲ್ಲ, ಆದರೆ ವೇಗ ಏರಿಸಿದರೆ ಒಳಗಿನ ಕನ್ನಡಿಯಲ್ಲಿ ಹಿಂದಿನ ವಾಹನವೇ ಮಸುಕಾಗುವಷ್ಟು ನಡುಕ. ಎಂಜಿನ್ ಮೌಂಟಿಂಗ್‌ಗಳನ್ನು ಅನುಮಾನಿಸಿ ಮಾಲೀಕರು ಅವನ್ನೂ ಬದಲಿಸಿಯಾಗಿತ್ತು. ಈ ಎಂಜಿನ್ನಿನಲ್ಲಿ ಒಂದು ಬ್ಯಾಲೆನ್ಸ್ ಶಾಫ್ಟ್ ಆಯಿಲ್ ಪಂಪಿನ ಹಲ್ಲುಚಕ್ರದ ಮೂಲಕ ತಿರುಗುತ್ತದೆ. ಪಂಪಿನ ಗುರುತನ್ನು ಸರಿಯಾಗಿ ಹೊಂದಿಸಿದರೂ ಒಳಗಿನ ಶಾಫ್ಟ್ ಅರ್ಧ ಸುತ್ತು ತಪ್ಪಾಗಿ ನಿಂತಿರುವ ಸಾಧ್ಯತೆಯಿದೆ, ಹೊರಗಿನಿಂದ ಅದು ಕಾಣುವುದೇ ಇಲ್ಲ. ಅದಕ್ಕೆಂದೇ ಬ್ಲಾಕಿನ ಪಕ್ಕದಲ್ಲಿ ಒಂದು ಬಿರಡೆ ಇಟ್ಟಿದ್ದಾರೆ. ಅದನ್ನು ಬಿಚ್ಚಿ 8 ಮಿ.ಮೀ. ದಪ್ಪದ ಸ್ಕ್ರೂಡ್ರೈವರನ್ನು ತೂರಿಸಿದಾಗ ಅದು 60 ಮಿ.ಮೀ. ಒಳಗೆ ಹೋದರೆ ಸರಿ, 20–25 ಮಿ.ಮೀ. ಹೋಗಿ ಶಾಫ್ಟಿನ ಭಾರಕ್ಕೆ ತಾಗಿ ನಿಂತರೆ ಪಂಪಿನ ಚಕ್ರವನ್ನು ಇನ್ನೊಂದು ಸುತ್ತು ತಿರುಗಿಸಬೇಕು. ನಮ್ಮ ಸ್ಕ್ರೂಡ್ರೈವರ್ ಒಂದು ಬೆರಳಗಲ ಹೋಗಿ ಟಕ್ಕೆಂದು ನಿಂತಿತು. ಒಂದು ಸುತ್ತು ತಿರುಗಿಸಿ, ಸ್ಕ್ರೂಡ್ರೈವರ್ ಹಿಡಿಯ ಬಳಿವರೆಗೆ ಜಾರಿ ಒಳಗೆ ಹೋದದ್ದನ್ನು ಖಚಿತಪಡಿಸಿಕೊಂಡು, ಬೆಲ್ಟ್ ಮತ್ತೆ ಕಟ್ಟಿದೆವು. ಸಂಜೆ ಅದೇ ಕಾರಿನ ಕನ್ನಡಿ ಅಲುಗಾಡದೆ ನಿಂತಿತ್ತು. ಕಂಪನ ತಗ್ಗಿಸುವ ಶಾಫ್ಟ್ ತಿರುಗುಮುರುಗಾದರೆ ಕಂಪನಕ್ಕೇ ಕೈಜೋಡಿಸುತ್ತದೆ. ದೋಷ ಜೋಡಣೆಯದು, ವಿನ್ಯಾಸದ್ದಲ್ಲ.

ಹಾಗೆಂದು ಈ ಎಂಜಿನ್ನಿನಲ್ಲಿ ಕೊರತೆಗಳೇ ಇಲ್ಲವೆಂದು ನಾನು ವಾದಿಸುವುದಿಲ್ಲ. ಇನ್ನೊಂದು ಬ್ಯಾಲೆನ್ಸ್ ಶಾಫ್ಟನ್ನು ತಿರುಗಿಸುವ ಚಿಕ್ಕ ಬೆಲ್ಟ್ ದೊಡ್ಡ ಬೆಲ್ಟಿನ ಹಿಂದೆ ಅಡಗಿರುತ್ತದೆ. ಅದು ಹಳೆಯದಾಗಿ ಹರಿದು ದೊಡ್ಡದಕ್ಕೆ ಸಿಕ್ಕಿಕೊಂಡರೆ ಕ್ಯಾಮ್‌ಗಳ ಕಾಲ ತಪ್ಪಿ, ವಾಲ್ವುಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ. ಓಟದವರು ಆ ಶಾಫ್ಟ್‌ಗಳನ್ನು ತೆಗೆಯುವುದಕ್ಕೆ ನಿಜವಾದ ಕಾರಣಗಳಲ್ಲಿ ಇದೂ ಒಂದು. 1990ರ ದಶಕದಲ್ಲಿ ಕ್ರ್ಯಾಂಕಿನ ತುದಿಯ ಭಾರದ ಚಕ್ರವಾದ ಫ್ಲೈವೀಲನ್ನು ಆರು ಬೋಲ್ಟುಗಳ ಬದಲು ಏಳರಿಂದ ಹಿಡಿಸುವ ಕ್ರ್ಯಾಂಕ್ ಬಂದ ಮೇಲೆ, ಅಮೆರಿಕದಲ್ಲಿ ಮಾರಾಟವಾದ ಕೆಲವು ಮಿತ್ಸುಬಿಷಿ ಎಕ್ಲಿಪ್ಸ್ ಕಾರುಗಳಲ್ಲಿ ಥ್ರಸ್ಟ್ ಬೇರಿಂಗ್ ಸವೆದು ಕ್ರ್ಯಾಂಕು ಹಿಂದೆ ಮುಂದೆ ಸರಿಯುವ ತೊಂದರೆಯೂ ಕಾಣಿಸಿಕೊಂಡಿತು. ಹಾಗಾಗಿಯೇ ಅಲ್ಲಿನವರು ಇಂದಿಗೂ ಹಳೆಯ ಆರು ಬೋಲ್ಟಿನ ಎಂಜಿನ್ನನ್ನು ಹುಡುಕಿ ತರುತ್ತಾರೆ, ಮತ್ತು ಆ ಹಳೆಯ ಬೀಡುಕಬ್ಬಿಣದ ಬ್ಲಾಕಿನಿಂದ ನೇರ ಓಟದ (ಡ್ರ್ಯಾಗ್ ರೇಸ್) ಟ್ರ್ಯಾಕುಗಳಲ್ಲಿ 1,000 ಅಶ್ವಶಕ್ತಿಗೂ ಮೀರಿ ತೆಗೆದಿದ್ದಾರೆ.

ಟರ್ಬೊವನ್ನು ಕಡೆಗಣಿಸುವುದು ನನ್ನ ಉದ್ದೇಶವಲ್ಲ. ಅದರಲ್ಲಿಯೂ ಲೇಖನ ಹೇಳದೆ ಬಿಟ್ಟ ಒಂದು ಸೊಗಸಾದ ಕೆಲಸವಿದೆ. ಈ ಎಂಜಿನ್ನಿನಲ್ಲಿ ಕಿಡಿ ಹತ್ತುವ ಕ್ರಮ 1-3-4-2. ನಾಲ್ಕೂ ಸಿಲಿಂಡರುಗಳ ಎಕ್ಸಾಸ್ಟ್ ಅನಿಲವನ್ನು ಒಂದೇ ಕೊಳವೆಗೆ ಬಿಟ್ಟರೆ, 3ನೆಯದರ ಎಕ್ಸಾಸ್ಟ್ ವಾಲ್ವ್ ತೆರೆದಾಗ ನುಗ್ಗುವ ಅಲೆ, ಆಗಷ್ಟೇ ಖಾಲಿಯಾಗುತ್ತಿರುವ 1ನೆಯದರೊಳಕ್ಕೆ ಹಿಂದಕ್ಕೆ ಬಡಿಯುತ್ತದೆ. 1996ರ ನಾಲ್ಕನೆಯ ಎವಲ್ಯೂಷನ್‌ನಲ್ಲಿ 1 ಮತ್ತು 4ಕ್ಕೆ ಒಂದು ದಾರಿ, 2 ಮತ್ತು 3ಕ್ಕೆ ಇನ್ನೊಂದು ದಾರಿ ಮಾಡಿ, ಟರ್ಬೊದ ಚಕ್ರದವರೆಗೂ ಎರಡನ್ನೂ ಬೇರೆಯಾಗಿಯೇ ಇಟ್ಟರು. ಒಂದೇ ದಾರಿಯಲ್ಲಿ ಬರುವ ಎರಡು ಅಲೆಗಳ ನಡುವೆ ಆಗ ಕ್ರ್ಯಾಂಕಿನ ಪೂರ್ತಿ ಒಂದು ಸುತ್ತಿನ ಅಂತರ. ಒಂದು ಇನ್ನೊಂದನ್ನು ಕೆಡಿಸುವುದಿಲ್ಲ, ಟರ್ಬೊ ಬೇಗ ಎಚ್ಚೆತ್ತುಕೊಳ್ಳುತ್ತದೆ. ಅದೇ ಆವೃತ್ತಿಯಲ್ಲಿ ಎಂಜಿನ್ನನ್ನು ಕಾರಿನೊಳಗೆ 180 ಡಿಗ್ರಿ ತಿರುಗಿಸಿ ಕೂರಿಸಿದರು. ಗ್ಯಾಲಂಟ್ ಕಾಲದಲ್ಲಿ 7.8 ಇದ್ದ ಸಂಪೀಡನ ಅನುಪಾತ (ಸಿಲಿಂಡರಿನೊಳಗಿನ ಅನಿಲವನ್ನು ಪಿಸ್ಟನ್ ಎಷ್ಟು ಪಟ್ಟು ಒತ್ತುತ್ತದೆ ಎಂಬ ಲೆಕ್ಕ) ಇದರಲ್ಲಿ 8.8 ಆಗಿತ್ತು, ಶಕ್ತಿ 280 ಅಶ್ವಶಕ್ತಿ ಮುಟ್ಟಿತು. ಅನಂತರ ಬಂದ ಎವಲ್ಯೂಷನ್‌ಗಳೆಲ್ಲ ಜಪಾನಿನಲ್ಲಿ ಅದೇ 280ರಲ್ಲಿ ನಿಂತದ್ದನ್ನು ಕಂಡು ಲೇಖಕರು ಎಂಜಿನ್ ತನ್ನ ಮಿತಿ ತಲುಪಿತ್ತು ಎಂದು ಭಾವಿಸಿದ್ದಾರೆ. ಮಿತಿ ಎಂಜಿನ್ನಿನದಲ್ಲ. ಜಪಾನಿನ ಕಾರು ತಯಾರಕರು 280ಕ್ಕಿಂತ ಹೆಚ್ಚು ಅಶ್ವಶಕ್ತಿ ತೋರಿಸಬಾರದೆಂದು ತಮ್ಮೊಳಗೇ ಒಪ್ಪಿಕೊಂಡಿದ್ದರು, ಆ ಒಪ್ಪಂದ 2004ರವರೆಗೂ ನಡೆಯಿತು. ತೋರಿಸಲಾಗದ ಸುಧಾರಣೆಯೆಲ್ಲ ತಿರುಗುಬಲಕ್ಕೆ ಹೋಯಿತು. ಬ್ರಿಟನ್ನಿನಲ್ಲಿ ಆ ಕಟ್ಟುಪಾಡಿರಲಿಲ್ಲ. ಅಲ್ಲಿ 2004ರಲ್ಲಿ ಎಫ್‌ಕ್ಯೂ-400 ಎಂಬ ಹೆಸರಿನಲ್ಲಿ ಇದೇ ಎರಡು ಲೀಟರಿನ ಎಂಜಿನ್ 400ಕ್ಕೂ ಹೆಚ್ಚು ಅಶ್ವಶಕ್ತಿಯೊಂದಿಗೆ ಮಾರಾಟವಾಯಿತು. 2005ರ ಒಂಬತ್ತನೆಯ ಎವಲ್ಯೂಷನ್‌ಗೆ ಇನ್‌ಟೇಕ್ ವಾಲ್ವುಗಳ ಕಾಲವನ್ನು ಓಡುತ್ತಿರುವಾಗಲೇ ಹಿಂದೆ ಮುಂದೆ ಮಾಡುವ ಮೈವೆಕ್ ವ್ಯವಸ್ಥೆ ಬಂತು. ಎವಲ್ಯೂಷನ್ ಕಾರಿನಲ್ಲಿ ಈ ಎಂಜಿನ್ ಕಂಡ ಕೊನೆಯ ದೊಡ್ಡ ಬದಲಾವಣೆ ಅದು.

ಲೇಖನದ ಜೊತೆ ಅಚ್ಚಾದ ಚಿತ್ರದ ಬಗ್ಗೆಯೂ ಹೇಳಬೇಕು. ಅಡಿಬರಹದಲ್ಲಿ 4ಜಿ63 ಎಂದಿದೆ, ಚಿತ್ರದಲ್ಲಿರುವುದು ಅದರ ಉತ್ತರಾಧಿಕಾರಿ 4ಬಿ11. 2007ರ ಹತ್ತನೆಯ ಎವಲ್ಯೂಷನ್‌ಗಾಗಿ ತಂದ ಆ ಎಂಜಿನ್ನಿನ ಬ್ಲಾಕ್ ಅಲ್ಯೂಮಿನಿಯಮ್ಮಿನದು, ಬೋರ್ ಮತ್ತು ಸ್ಟ್ರೋಕ್ ಎರಡೂ 86 ಮಿ.ಮೀ., ಕ್ಯಾಮ್‌ಗಳನ್ನು ತಿರುಗಿಸಲು ಬೆಲ್ಟಿಲ್ಲ, ಸರಪಳಿ ಇದೆ. ಚಿತ್ರದಲ್ಲಿ ಟರ್ಬೊ ಕಾಣಿಸುವುದಿಲ್ಲ, ಏಕೆಂದರೆ 4ಬಿ11ರಲ್ಲಿ ಎಕ್ಸಾಸ್ಟ್ ಇರುವುದು ಹಿಂಬದಿಗೆ, ಕೂರುವವರ ಕಡೆಗೆ. ಎವಲ್ಯೂಷನ್‌ನ 4ಜಿ63ರಲ್ಲಿ ಬಾನೆಟ್ ಎತ್ತಿದೊಡನೆ ಮುಂದೆಯೇ, ರೇಡಿಯೇಟರಿನ ಹಿಂದೆ, ಶಾಖತಡೆ ತಗಡಿನ ಕೆಳಗೆ ಟರ್ಬೊ ಕೂತಿರುತ್ತದೆ. ಮುಂದಿನ ಪುರವಣಿಯಲ್ಲಿ ಸರಿಯಾದ ಚಿತ್ರವನ್ನು, ಸಾಧ್ಯವಾದರೆ ಬಿಚ್ಚಿದ ಬ್ಲಾಕಿನದನ್ನು, ಹಾಕಿ ತಿದ್ದುಪಡಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಎಂಜಿನ್ ಮೆಕ್ಯಾನಿಕ್